ಮಂಡಕ್ಕಿ ಭಟ್ಟಿಯ ಸದ್ದಿನಿಂದ ನಾಲ್ಕು ಟ್ರ್ಯಾಕಿನ ಇಪಿ ತನಕ

(ದಾವಣಗೆರೆಯಲ್ಲಿ, ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಎಲೆಕ್ಟ್ರಾನಿಕ್ ಸಂಗೀತ ಮಾಡುವ ಎಳೆಯರ ಎದುರು ಆಡಿದ ಮಾತಿನ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ನಾಲ್ಕು ಟ್ರ್ಯಾಕಿನ ಒಂದು ಇಪಿ (ಚಿಕ್ಕ ಆಲ್ಬಂ) ಮೊದಲ ಸದ್ದಿನಿಂದ ಹಿಡಿದು ಕೇಳುಗರ ಕೈ ಸೇರುವವರೆಗೆ ಹೇಗೆ ತಯಾರಾಗುತ್ತದೆ ಅನ್ನುವುದು ಇವತ್ತಿನ ವಿಷಯ. ಎಲ್ಲಕ್ಕಿಂತ ಮೊದಲು ಒಂದು ಮಾತು ಹೇಳಿಬಿಡುತ್ತೇವೆ, ಮುಂದಿನದೆಲ್ಲ ಅದನ್ನೇ ಹಿಡಿದು ಹೋಗುತ್ತದೆ: ಟ್ರ್ಯಾಕ್ ಶುರು ಮಾಡುವ ಮೊದಲೇ ಅದು ಯಾವ ಸ್ಪೀಕರ್‌ನಲ್ಲಿ ನುಡಿಯಬೇಕು ಅಂತ ಗೊತ್ತು ಮಾಡಿಕೊಳ್ಳಿ. ವೇಗ, ಬೇಸಿನ ಶ್ರುತಿ, ಉದ್ದ, ಫೈಲಿನ ಬಗೆ, ಎಲ್ಲವೂ ಆ ಒಂದು ತೀರ್ಮಾನದಿಂದಲೇ ಬರುತ್ತವೆ. ಅರ್ಧಕ್ಕೆ ನಿಂತ ಪ್ರಾಜೆಕ್ಟ್‌ಗಳು ಹಾರ್ಡ್ ಡಿಸ್ಕಿನಲ್ಲಿ ರಾಶಿ ಬೀಳುವುದಕ್ಕೆ ಮುಖ್ಯ ಕಾರಣ ಪ್ರತಿಭೆಯ ಕೊರತೆ ಅಲ್ಲ, ಈ ತೀರ್ಮಾನ ಆಗದೇ ಇರುವುದು.

ಅಂಡರ್‌ಗ್ರೌಂಡ್ ಸಂಗೀತದ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಡೆಟ್ರಾಯಿಟ್‌ನ ಟೆಕ್ನೋ ಬಳಗ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ತನ್ನ ರೆಕಾರ್ಡುಗಳನ್ನು ತಾನೇ ಹೊರತಂದಿತು. ಬರ್ಲಿನ್ನಿನ ಬೇಸಿಕ್ ಚಾನೆಲ್ ಬಳಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 90ರ ದಶಕದಲ್ಲಿ ರೆಕಾರ್ಡ್ ಕೊರೆಯುವ ಸ್ಟುಡಿಯೋವನ್ನೇ ಕಟ್ಟಿಕೊಂಡಿತು. ಕೊನೆಗೆ ಸೂಜಿಯ ಕೆಳಗೆ ಏನಾಗುತ್ತದೆ ಅನ್ನುವುದು ಅವರಿಗೆ ಸಂಗೀತದ್ದೇ ಭಾಗ. ನಮ್ಮ ದೇಶಕ್ಕೂ ಇದು ಹೊಸದಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಸರ್ ಬಂದು ಕೂತಿತ್ತು. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಟಿಬಿ-303 ಬೇಸ್ ಯಂತ್ರ, ಟಿಆರ್-808 ಡ್ರಮ್ ಯಂತ್ರ, ಜುಪಿಟರ್-8 ಸಿಂಥಸೈಸರ್ ಇಟ್ಟುಕೊಂಡು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಅದೇ 303 ಬೇಸ್ ಗಿಟಾರಿನ ಬದಲಿಗೆ ಅಂತ ತಯಾರಾಗಿ, ಮಾರುಕಟ್ಟೆಯಲ್ಲಿ ಸೋತು, 1984ರ ಹೊತ್ತಿಗೆ ನಿಂತೇಹೋಯಿತು. ಆಮೇಲೆ ಶಿಕಾಗೋದ ಹುಡುಗರ ಕೈಗೆ ಅಗ್ಗಕ್ಕೆ ಸಿಕ್ಕಿ ಆಸಿಡ್ ಹೌಸ್ ಅನ್ನುವ ಕುಣಿತದ ಸಂಗೀತ ಆಯಿತು.

ಈಗ ನಮ್ಮ ಊರಿಗೆ ಬರೋಣ. ಇಲ್ಲಿ ಟ್ರ್ಯಾಕ್ ನುಡಿಯುವ ಜಾಗಗಳು ಮೂರು. ಗಣಪತಿ ಮೆರವಣಿಗೆಯಲ್ಲೋ ಬಯಲಿನ ಕಾರ್ಯಕ್ರಮದಲ್ಲೋ ಕಟ್ಟುವ ಬಾಡಿಗೆ ಸೌಂಡ್ ಸಿಸ್ಟಂ ಒಂದು. ಐವತ್ತು ನೂರು ಜನ ಸೇರುವ ಮುಚ್ಚಿದ ಹಾಲ್ ಇನ್ನೊಂದು. ಇಯರ್‌ಫೋನ್ ಮತ್ತು ಮೊಬೈಲ್ ಸ್ಪೀಕರ್ ಮೂರನೆಯದು. ಬಾಡಿಗೆಯ ಬೇಸ್ ಡಬ್ಬಗಳು ಸಾಮಾನ್ಯವಾಗಿ 40 ಹರ್ಟ್ಸ್‌ನಿಂದ ಕೆಳಗೆ ಕೈ ಚೆಲ್ಲುತ್ತವೆ. ಮೊಬೈಲ್ ಸ್ಪೀಕರ್ 200 ಹರ್ಟ್ಸ್ ಕೆಳಗೆ ಹೆಚ್ಚೇನೂ ಕೊಡುವುದಿಲ್ಲ. ಹಾಲಿನಲ್ಲಿ ಗೋಡೆಗಳ ಪ್ರತಿಧ್ವನಿ ನಿಮ್ಮ ರಿವರ್ಬಿನ ಮೇಲೆ ಇನ್ನೊಂದು ರಿವರ್ಬ್ ಹಾಕುತ್ತದೆ. ಒಂದೇ ಟ್ರ್ಯಾಕ್ ಮೂರಕ್ಕೂ ಸರಿಯಾಗಲಿ ಅಂತ ಹೊರಟರೆ ಯಾವುದಕ್ಕೂ ಸರಿಯಾಗುವುದಿಲ್ಲ. ಇಪಿಯಲ್ಲಿ ನಾಲ್ಕು ಟ್ರ್ಯಾಕ್ ಇರುವುದು ಇದಕ್ಕೇ ಅನುಕೂಲ: ಎರಡು ದೊಡ್ಡ ಸಿಸ್ಟಂಗೆ, ಒಂದು ಹಾಲಿಗೆ, ಒಂದು ಇಯರ್‌ಫೋನಿಗೆ.

ಮೊದಲ ತೊಡಕು ನೀವು ಕೂತು ಕೇಳುವ ರೂಮು. ನಮ್ಮಲ್ಲಿ ಬಹಳಷ್ಟು ಮನೆಗಳ ಕೋಣೆ ಹತ್ತು ಅಡಿಗೆ ಹತ್ತು ಅಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹತ್ತು ಅಡಿ ಅಂದರೆ 3.05 ಮೀಟರ್. ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 56 ಹರ್ಟ್ಸ್ ಬರುತ್ತದೆ. ಕೋಣೆಯ ಉದ್ದ ಅಗಲ ಎರಡೂ ಒಂದೇ ಆದ್ದರಿಂದ ಎರಡು ದಿಕ್ಕಿನಲ್ಲೂ ಅದೇ ಕಂಪನ ಮೊಳಗುತ್ತದೆ. ಕಿಕ್ಕಿನ (ಬೇಸ್ ಡ್ರಮ್ಮಿನ ಪೆಟ್ಟಿನ) ಜೀವಾಳ ಇರುವುದೂ ಅಲ್ಲೇ, 45ರಿಂದ 60ರ ನಡುವೆ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಕಿಕ್ ಭಾರಿಯಾಗಿ ಕೇಳುತ್ತದೆ, ನೀವು ತಗ್ಗಿಸುತ್ತೀರಿ, ಬಯಲಿನಲ್ಲಿ ಅದು ಸೊರಗಿ ಹೋಗುತ್ತದೆ. ಕೋಣೆಯ ನಟ್ಟನಡುವೆ ಕೂತರೆ ಆ 56 ಹರ್ಟ್ಸ್ ಮಾಯ. ಆಗ ಏರಿಸುತ್ತೀರಿ, ಬಯಲಿನಲ್ಲಿ ಆಂಪ್ಲಿಫೈಯರ್ ಕ್ಲಿಪ್ ಆಗಿ ಸದ್ದು ಒಡೆಯುತ್ತದೆ. ಎದುರಿನ ಗೋಡೆಯಿಂದ ಕೋಣೆಯ ಉದ್ದದ ಶೇಕಡಾ 38ರಷ್ಟು ದೂರದಲ್ಲಿ, ಅಂದರೆ 3 ಅಡಿ 10 ಇಂಚಿನ ಹತ್ತಿರ ಕಿವಿ ಇರುವ ಹಾಗೆ ಕೂತು ನೋಡಿ. ಅಲ್ಲಿಂದ ಅತ್ತಿತ್ತ ಅರ್ಧ ಅಡಿ ಸರಿದು ನಿಮ್ಮ ಕೋಣೆಗೆ ಹೊಂದುವ ಜಾಗ ಹಿಡಿಯಿರಿ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಬೇಸಿಗೆ ಏನೂ ಆಗುವುದಿಲ್ಲ, ಬೆಂಕಿಗೆ ಮಾತ್ರ ಆಹಾರ. ಮೂಲೆಗಳಲ್ಲಿ ನಾಲ್ಕರಿಂದ ಆರು ಇಂಚು ದಪ್ಪದ ರಾಕ್‌ವೂಲ್ ಹಲಗೆಗಳನ್ನು ಬಟ್ಟೆ ಸುತ್ತಿ ನಿಲ್ಲಿಸಿ. ಹತ್ತಿ ನಮ್ಮ ಊರಿಗೆ ಹತ್ತಿರದ ವಸ್ತು. ಹಳೇ ಹತ್ತಿ ಹಾಸಿಗೆಯನ್ನು ಬೆನ್ನ ಹಿಂದಿನ ಗೋಡೆಗೆ ಆನಿಸಿದರೆ ಮಧ್ಯದ ಮತ್ತು ಮೇಲಿನ ಸ್ವರಗಳ ಪ್ರತಿಧ್ವನಿ ಚೆನ್ನಾಗಿಯೇ ಅಡಗುತ್ತದೆ. 56 ಹರ್ಟ್ಸ್‌ಗೆ ಮಾತ್ರ ಅದು ಸಾಲದು. ಅದಕ್ಕೆ ಹೆಡ್‌ಫೋನ್‌ನಲ್ಲಿ ಒಮ್ಮೆ ತಾಳೆ ನೋಡುವುದೇ ದಾರಿ.

ಕರೆಂಟಿನ ವಿಷಯವನ್ನೂ ಇಲ್ಲೇ ಮುಗಿಸೋಣ. ನಮ್ಮ ಮೇನ್ಸ್ 50 ಹರ್ಟ್ಸ್. ಅದರ ಗುಂಯ್‌ಗಾಟ 50, 100, 150ರಲ್ಲಿ ಕೇಳುತ್ತದೆ, ಅಂದರೆ ನೇರ ನಿಮ್ಮ ಬೇಸಿನ ಮೇಲೆ ಕೂರುತ್ತದೆ. ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಹೊರಗಿನ ಗುಂಯ್ ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಗುಂಯ್ ನಿಲ್ಲಲಿ ಅಂತ ಅರ್ತ್ ಪಿನ್ ಮುರಿಯುವವರಿದ್ದಾರೆ, ಅದು ಜೀವಕ್ಕೆ ಅಪಾಯ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡಲೇಬೇಡಿ. ಜುರ್ ಅನ್ನುವ ಆ ಸದ್ದು ಮೇಲಿನ ಸ್ವರಗಳವರೆಗೂ ಹರಡುತ್ತದೆ, ಫಿಲ್ಟರಿನಿಂದ ಹೋಗುವುದಿಲ್ಲ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಮಾಡಿ.

ಇನ್ನು ಸದ್ದು. ಇಂಟರ್‌ನೆಟ್ಟಿನಲ್ಲಿ ಸಿಗುವ ಸ್ಯಾಂಪಲ್ ಪ್ಯಾಕಿನ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳದ ಸದ್ದು) ಜಗತ್ತಿನಲ್ಲಿ ಎಲ್ಲರ ಹತ್ತಿರವೂ ಇದೆ. ಮಂಡಕ್ಕಿ ಭಟ್ಟಿಯ ಸದ್ದು ಎಲ್ಲರ ಹತ್ತಿರ ಇಲ್ಲ. ಭಟ್ಟಿಯೊಳಗೆ ಕಿವಿಗೊಟ್ಟರೆ ಮೂರು ಬೇರೆ ಬೇರೆ ಸದ್ದು ಕೇಳುತ್ತವೆ: ಕಾದ ಮರಳು ಬಾಂಡಲೆಯಲ್ಲಿ ಸರಿಯುವ ಸರಸರ, ಅಕ್ಕಿ ಅರಳುವ ಚಟಪಟ, ಜರಡಿಯಲ್ಲಿ ಮರಳು ಸೋಸುವ ಝರ್. ಮೊದಲನೆಯದು ಶೇಕರಿನ ಜಾಗಕ್ಕೆ, ಎರಡನೆಯದು ಹ್ಯಾಟಿನ ಜಾಗಕ್ಕೆ, ಮೂರನೆಯದು ಎಂಟು ಬಾರ್ (ನಾಲ್ಕು ಬೀಟಿನ ಒಂದು ಸುತ್ತು ಒಂದು ಬಾರ್) ಮುಗಿಯುವಲ್ಲಿ ಬರುವ ಏರಿಕೆಗೆ. ಮಾಲೀಕರನ್ನೂ ಕೆಲಸ ಮಾಡುವವರನ್ನೂ ಕೇಳಿ ಒಪ್ಪಿಗೆ ಪಡೆದೇ ಒಳಗೆ ಹೋಗಿ. ಒಲೆಯ ಬಿಸಿ, ಹೊಗೆ, ದೂಳು ಮೂರೂ ಮೈಕಿಗೆ ಶತ್ರು. ಬಾಂಡಲೆಯಿಂದ ಮೂರ್ನಾಲ್ಕು ಅಡಿ ದೂರ, ಬಿಸಿಗಾಳಿ ಮೇಲೇಳುವ ದಾರಿ ಬಿಟ್ಟು ಪಕ್ಕದಿಂದ ಮೈಕ್ ಹಿಡಿಯಿರಿ. ಫೋಮ್ ಹೊದಿಕೆ ಕಡ್ಡಾಯ. ರೆಕಾರ್ಡರ್ 24 ಬಿಟ್‌ನಲ್ಲಿರಲಿ, ಅತಿ ಜೋರಿನ ಸದ್ದು ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಗೇನ್ ಇಡಿ. ಆಟೋ ಗೇನ್ ಆಫ್ ಮಾಡಿ. ಇಲ್ಲದಿದ್ದರೆ ಚಟಪಟ ಸದ್ದಿನ ನಡುವಿನ ಮೌನದಲ್ಲೆಲ್ಲ ಒಲೆಯ ಮೊರೆತ ಎದ್ದು ಬರುತ್ತದೆ.

ಸ್ಯಾಂಪಲ್ ರೇಟ್ 96 ಕಿಲೋಹರ್ಟ್ಸ್ ಇಡಿ ಅನ್ನುವುದಕ್ಕೆ ಒಂದು ಕಾರಣವಿದೆ. 44.1ರಲ್ಲಿ ಹಿಡಿದ ಸದ್ದು 22 ಕಿಲೋಹರ್ಟ್ಸ್‌ವರೆಗೆ ಮಾತ್ರ ಇರುತ್ತದೆ. ಅದನ್ನು ಒಂದು ಆಕ್ಟೇವ್ (ಸ್ಥಾಯಿ) ಕೆಳಗಿಳಿಸಿದರೆ ಮೇಲ್ಮಿತಿ 11ಕ್ಕೆ ಬಂದು ಸದ್ದು ಮಂಕಾಗುತ್ತದೆ. 96ರಲ್ಲಿ ಹಿಡಿದಿದ್ದರೆ, ಮೈಕಿಗೂ ಆ ಮೇಲಿನ ಸ್ವರ ಹಿಡಿಯುವ ಶಕ್ತಿ ಇದ್ದರೆ, ಕೆಳಗಿಳಿಸಿದ ಮೇಲೂ ಹೊಳಪು ಉಳಿಯುತ್ತದೆ. ಅರಳುವ ಅಕ್ಕಿಯ ಸದ್ದನ್ನು ಎರಡು ಆಕ್ಟೇವ್ ಇಳಿಸಿ ಕೇಳಿ, ಮರದ ಬಾಗಿಲು ತಟ್ಟಿದಂಥ ಗಟ್ಟಿ ತಾಳ ಸಿಗುತ್ತದೆ. ಕತ್ತರಿಸುವಾಗ ಪ್ರತಿ ತುಣುಕಿನ ಕೊನೆಗೆ ಎರಡರಿಂದ ಐದು ಮಿಲಿಸೆಕೆಂಡಿನ ಫೇಡ್ ಕೊಡಿ, ಇಲ್ಲದಿದ್ದರೆ ಕಡಿದ ಜಾಗದಲ್ಲಿ ಟಿಕ್ ಅನ್ನುತ್ತದೆ. ತುಣುಕಿನ ಮೊದಲಿಗೆ ಮಾತ್ರ ಅಷ್ಟು ಉದ್ದದ ಫೇಡ್ ಬೇಡ, ಸದ್ದಿನ ಮೊನೆ ಅಲ್ಲೇ ಇರುವುದು. 150 ಹರ್ಟ್ಸ್ ಕೆಳಗಿನದನ್ನು ಹೈ-ಪಾಸ್ ಫಿಲ್ಟರಿನಿಂದ ತೆಗೆದುಬಿಡಿ, ಅಲ್ಲಿರುವುದು ಒಲೆಯ ಗಾಳಿ ಅಷ್ಟೇ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಕೈಮಗ್ಗ ಇನ್ನೊಂದು ಖಜಾನೆ. ಲಾಳಿ ಓಡುವ ಸದ್ದು, ನೇಯ್ದ ಎಳೆಯನ್ನು ಒತ್ತುವ ಬಡಿತ, ತುಳಿಮಣೆಯ ಕಿರ್ ಸೇರಿ ಒಂದು ಲಯ ತಾನಾಗಿ ಇರುತ್ತದೆ. ಆದರೆ ನೇಕಾರರ ಕೈ ಗಡಿಯಾರವಲ್ಲ, ಲಯ ಸ್ವಲ್ಪ ಹಿಗ್ಗುತ್ತದೆ, ಸ್ವಲ್ಪ ಕುಗ್ಗುತ್ತದೆ. ಪ್ರತಿ ಬಡಿತವನ್ನೂ ಗ್ರಿಡ್ಡಿಗೆ ಎಳೆದು ಕೂರಿಸಿದರೆ ಮಗ್ಗ ಸತ್ತು ಡ್ರಮ್ ಮಶೀನ್ ಆಗುತ್ತದೆ. ಪ್ರತಿ ಬಾರಿನ ಮೊದಲ ಬಡಿತವನ್ನು ಮಾತ್ರ ಗ್ರಿಡ್ಡಿಗೆ ಕಟ್ಟಿ, ನಡುವಿನದ್ದನ್ನು ಹಾಗೇ ಬಿಡಿ.

ನಮ್ಮ ಭಾಗದ ಉರುಮೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಒಂದು ಮುಖಕ್ಕೆ ಕಡ್ಡಿಯ ಪೆಟ್ಟು, ಇನ್ನೊಂದು ಮುಖಕ್ಕೆ ಬಾಗಿದ ಕಡ್ಡಿಯ ಉಜ್ಜು. ಆ ಉಜ್ಜಿನಿಂದ ಹೊರಡುವ ಜಾರುವ ಸ್ವರ 303ರ ಸ್ಲೈಡಿಗೆ ಅಣ್ಣನಂತಿದೆ. ಎರಡೂ ಮುಖಕ್ಕೆ ಒಂದೊಂದು ಮೈಕ್ ಇಟ್ಟು ಎರಡು ಬೇರೆ ಚಾನೆಲ್‌ಗೆ ಹಿಡಿಯಿರಿ. ಇಲ್ಲಿ ಆಗುವ ತಪ್ಪು ಫೇಸಿನದು, ಅಂದರೆ ಎರಡು ಮೈಕಿನ ಸದ್ದಿನ ಅಲೆಗಳ ಹೊಂದಿಕೆಯದು. ಎರಡು ಮೈಕಿಗೂ ಸದ್ದು ಸೇರುವ ದೂರದಲ್ಲಿ ಒಂದಡಿಯಷ್ಟು ವ್ಯತ್ಯಾಸ ಇದ್ದರೆ ಸುಮಾರು ಒಂದು ಮಿಲಿಸೆಕೆಂಡ್ ತಡವಾಗುತ್ತದೆ. ಎರಡನ್ನೂ ಸೇರಿಸಿದಾಗ 500 ಹರ್ಟ್ಸ್ ಸುತ್ತಮುತ್ತ ಒಂದನ್ನೊಂದು ತಿಂದುಹಾಕುತ್ತವೆ, ಉರುಮೆ ತಗಡಿನ ಡಬ್ಬದಂತೆ ಕೇಳುತ್ತದೆ. ಒಂದು ಚಾನೆಲ್ಲಿನ ಪೊಲಾರಿಟಿ (ಅಲೆಯ ಮೇಲು-ಕೆಳಗು) ತಿರುಗಿಸಿ, ಯಾವುದರಲ್ಲಿ ಕೆಳಸ್ವರ ತುಂಬಿ ಬರುತ್ತದೋ ಅದನ್ನು ಇಟ್ಟುಕೊಳ್ಳಿ. ಆಮೇಲೆ ಬೇಕಾದರೆ ಒಂದು ಟ್ರ್ಯಾಕನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಸಿ.

ಉರುಮೆ ಬಾರಿಸುವವರ ಹಕ್ಕನ್ನು ಇಲ್ಲೇ ಹೇಳಬೇಕು, ಇದು ನಮಗೆ ಮನಸ್ಸಿಗೆ ಹತ್ತಿರದ ಮಾತು. ಹಳೇ ಮಟ್ಟು ಯಾರ ಸ್ವತ್ತೂ ಅಲ್ಲದಿರಬಹುದು. ಆದರೆ ಅವರು ನಿಮ್ಮ ಮೈಕಿನ ಮುಂದೆ ಬಾರಿಸಿದ್ದು ಅವರ ಪ್ರದರ್ಶನ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 38ನೇ ಕಲಂ ಪ್ರದರ್ಶಕರಿಗೆ ಹಕ್ಕು ಕೊಟ್ಟಿದೆ, ಅದು 50 ವರ್ಷ ಇರುತ್ತದೆ. ರೆಕಾರ್ಡ್ ಮಾಡುವ ಮೊದಲೇ ಸಂಭಾವನೆ ಮಾತಾಡಿ, ಯಾವುದಕ್ಕೆ ಬಳಸುತ್ತೀರಿ ಅಂತ ಕನ್ನಡದಲ್ಲಿ ಒಂದು ಪುಟ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ. ಇಪಿಯ ಮೇಲೆ ಅವರ ಹೆಸರು ಹಾಕಿ, "ಜಾನಪದ" ಅಂತ ಬರೆದು ಕೈ ತೊಳೆದುಕೊಳ್ಳಬೇಡಿ.

ಲಯದ ಕೆಲಸಕ್ಕೆ ಬರೋಣ. ವೇಗ ನಿಮಿಷಕ್ಕೆ 125 ಅಂತ ಇಟ್ಟುಕೊಳ್ಳಿ. 60,000ವನ್ನು 125ರಿಂದ ಭಾಗಿಸಿದರೆ ಒಂದು ಬೀಟ್ 480 ಮಿಲಿಸೆಕೆಂಡ್, ಅದರ ಕಾಲು ಭಾಗ 120. ಈ ಎರಡು ಅಂಕಿ ತಲೆಯಲ್ಲಿದ್ದರೆ ಡಿಲೇ (ಮರುಸದ್ದು), ಕಂಪ್ರೆಸರ್, ಕಿಕ್ಕಿನ ಉದ್ದ ಎಲ್ಲಕ್ಕೂ ದಾರಿ ಸಿಗುತ್ತದೆ. ಸ್ವಿಂಗ್, ಅಂದರೆ ಜೋಡಿ ಪೆಟ್ಟಿನಲ್ಲಿ ಎರಡನೆಯದನ್ನು ತುಸು ತಡ ಮಾಡುವುದು, ಕೂಡ ಲೆಕ್ಕವೇ. ರೋಜರ್ ಲಿನ್ ವಿನ್ಯಾಸದ ಡ್ರಮ್ ಯಂತ್ರಗಳಿಂದ ಬಂದ ಪದ್ಧತಿಯಲ್ಲಿ 50 ಅಂದರೆ ನೇರ, 66 ಅಂದರೆ ತಿಶ್ರದ ತೂಗು. 54 ಇಟ್ಟರೆ 240 ಮಿಲಿಸೆಕೆಂಡಿನ ಜೋಡಿಯಲ್ಲಿ ಎರಡನೇ ಪೆಟ್ಟು 9.6 ಮಿಲಿಸೆಕೆಂಡ್ ತಡವಾಗುತ್ತದೆ. ಬೇರೆಯಾಗಿ ಗೊತ್ತಾಗುವುದಿಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಮಂಡಕ್ಕಿಯ ಹ್ಯಾಟಿಗೆ 54 ಕೊಟ್ಟು ಕಿಕ್ಕನ್ನು ನೇರ ಬಿಡಿ.

ಪೆಟ್ಟುಗಳನ್ನು ಸಾಲಾಗಿ ಕೂರಿಸುವ ಸೀಕ್ವೆನ್ಸರ್ ತೆರೆದ ಕೂಡಲೇ 16 ಮನೆ ಎದುರಿಗಿರುತ್ತವೆ. ನಮ್ಮ ಕಿವಿಗೆ ಪರಿಚಯವಿರುವ ಏಳರ ನಡೆ, "ತಕಿಟ ತಕಧಿಮಿ", ಅದರಲ್ಲಿ ಕೂರುವುದಿಲ್ಲ. ಉರುಮೆಯ ಲೂಪಿನ ಉದ್ದವನ್ನು 7 ಮನೆಗೆ ಇಳಿಸಿ, ಕಿಕ್ಕನ್ನು 16ರಲ್ಲೇ ಓಡಿಸಿ. ಎರಡೂ ಮತ್ತೆ ಒಂದೇ ಕಡೆ ಸೇರುವುದು 112 ಮನೆ ಕಳೆದ ಮೇಲೆ, ಅಂದರೆ ಏಳು ಬಾರಿಗೆ, 13.44 ಸೆಕೆಂಡಿಗೆ. ಅಷ್ಟು ಹೊತ್ತು ಏನೂ ಬದಲಾಯಿಸದೆಯೇ ಬದಲಾಗುತ್ತಿರುವ ಲಯ ಸಿಗುತ್ತದೆ. ತೊಂದರೆ ಎಲ್ಲಿ ಬರುತ್ತದೆ ಅಂದರೆ, ಡಿಜೆಗಳು ಎಂಟು ಬಾರಿನ ಲೆಕ್ಕದಲ್ಲಿ ಮಿಕ್ಸ್ ಮಾಡುತ್ತಾರೆ, ಏಳು ಅವರಿಗೆ ಸಿಗುವುದಿಲ್ಲ. ಹಾಗಾಗಿ ಎಂಟನೇ ಬಾರ್ ಮುಗಿಯುವಲ್ಲಿ ಉರುಮೆಯ ಲೂಪನ್ನು ಮತ್ತೆ ಮೊದಲಿಗೆ ತನ್ನಿ. 128 ಮನೆಯಲ್ಲಿ ಏಳರ 18 ಆವರ್ತ ಮುಗಿದು ಎರಡು ಮನೆ ಉಳಿಯುತ್ತವೆ. ಆ ಎರಡು ಮನೆಯ ತುಂಡು "ತಕ" ತಾನಾಗಿಯೇ ಮುಕ್ತಾಯದ ತಿರುವಾಗುತ್ತದೆ, ಬೇರೆ ಡ್ರಮ್ ಫಿಲ್ ಬೇಡ. ಇದು ಈ ಸಂಗೀತದಲ್ಲಿ ನಮಗೆ ತುಂಬ ಇಷ್ಟದ ಜಾಗ.

ಕಿಕ್ ಮತ್ತು ಬೇಸ್ ಒಂದೇ ಮನೆಯ ಇಬ್ಬರು, ಇಬ್ಬರಿಗೂ ಒಂದೇ ಜಾಗ ಬೇಕು. ದೊಡ್ಡ ಸಿಸ್ಟಂಗೆ ಮಾಡುವ ಟ್ರ್ಯಾಕಿನಲ್ಲಿ ಕಿಕ್ಕನ್ನು ಜಿ ಸ್ವರಕ್ಕೆ, 49 ಹರ್ಟ್ಸ್‌ಗೆ ಶ್ರುತಿ ಮಾಡಿ. ಇ ಸ್ವರದ 41 ಹರ್ಟ್ಸ್ ಕಾಗದದ ಮೇಲೆ ಚೆಂದ, ಬಾಡಿಗೆಯ ಡಬ್ಬದಲ್ಲಿ ಬರೀ ಗಾಳಿ. ಕಿಕ್ಕಿನ ಬಾಲ 250ರಿಂದ 300 ಮಿಲಿಸೆಕೆಂಡಿಗೆ ಮುಗಿಯಲಿ. ಬೇಸಿಗೆ, ಕಿಕ್ ಬಂದಾಗಲೆಲ್ಲ ಅದನ್ನು ತಗ್ಗಿಸುವ ಸೈಡ್‌ಚೈನ್ ಕಂಪ್ರೆಸರ್ ಹಾಕಿ: ಅನುಪಾತ 4ಕ್ಕೆ 1, ಅಟ್ಯಾಕ್ (ತಗ್ಗಲು ಹಿಡಿಯುವ ಹೊತ್ತು) ಒಂದು ಮಿಲಿಸೆಕೆಂಡ್, ರಿಲೀಸ್ (ಮತ್ತೆ ಏಳಲು ಹಿಡಿಯುವ ಹೊತ್ತು) 100ರಿಂದ 150. ರಿಲೀಸ್ 400 ದಾಟಿದರೆ ಮುಂದಿನ ಕಿಕ್ ಬರುವಷ್ಟರಲ್ಲೂ ಬೇಸ್ ಪೂರ್ತಿ ಮೇಲೆದ್ದಿರುವುದಿಲ್ಲ, ಟ್ರ್ಯಾಕ್ ಪೂರ್ತಿ ಸಣಕಲು. 120 ಹರ್ಟ್ಸ್ ಕೆಳಗಿನದೆಲ್ಲ ಮೋನೋ ಇರಲಿ. ಬಯಲಿನ ಸಿಸ್ಟಂಗಳನ್ನು ಬಹಳ ಸಲ ಮೋನೋದಲ್ಲೇ ಕಟ್ಟಿರುತ್ತಾರೆ, ಸ್ಟೀರಿಯೋ ಅಗಲಿಸಿದ ಬೇಸ್ ಅಲ್ಲಿ ಮಾಯವಾಗುತ್ತದೆ. ಇಯರ್‌ಫೋನಿನ ಟ್ರ್ಯಾಕಿಗೆ ಇನ್ನೊಂದು ದಾರಿ. ಬೇಸಿಗೆ ಸ್ವಲ್ಪ ಸ್ಯಾಚುರೇಷನ್ ಕೊಟ್ಟರೆ 49ರ ಮೇಲೆ 98, 147, 196 ಹೀಗೆ ಮೇಲಿನ ಸ್ವರಗಳು ಹುಟ್ಟುತ್ತವೆ. ಮೂಲ ಸ್ವರ ಕೇಳದ ಸಣ್ಣ ಸ್ಪೀಕರಿನಲ್ಲೂ ಕಿವಿ ಈ ಮೇಲಿನವುಗಳಿಂದ ಬೇಸನ್ನು ಊಹಿಸಿಕೊಳ್ಳುತ್ತದೆ.

ಹಾಲಿನ ಟ್ರ್ಯಾಕಿಗೆ ರಿವರ್ಬ್ ಕಡಿಮೆ, ಡಿಲೇ ಹೆಚ್ಚು. ಒಂದೂವರೆ ಅರೆಬೀಟಿನ ಡಿಲೇ 360 ಮಿಲಿಸೆಕೆಂಡ್. ಫೀಡ್‌ಬ್ಯಾಕ್ ದಾರಿಯಲ್ಲೇ ಒಂದು ಫಿಲ್ಟರ್ ಇಟ್ಟು 250 ಹರ್ಟ್ಸ್ ಕೆಳಗಿನದನ್ನೂ 5 ಕಿಲೋಹರ್ಟ್ಸ್ ಮೇಲಿನದನ್ನೂ ಕತ್ತರಿಸಿ. ಆಗ ಪ್ರತಿ ಮರುಸದ್ದು ಹಿಂದಿನದಕ್ಕಿಂತ ತೆಳುವಾಗುತ್ತಾ ದೂರ ಸರಿಯುತ್ತದೆ. ಫಿಲ್ಟರ್ ಇಲ್ಲದಿದ್ದರೆ ನಾಲ್ಕನೇ ಸುತ್ತಿಗೆ ಕೆಸರು. ಆಮೇಲೆ ಮೌಸ್ ಬಿಡಿ. ಕಿಕ್, ಬೇಸ್, ಉರುಮೆ, ಭಟ್ಟಿ, ಡಿಲೇ, ಐದು ಫೇಡರಿನ ಒಂದು ಮಿಡಿ ಕಂಟ್ರೋಲರ್ ಸಾಕು. 20 ನಿಮಿಷ ಕೈಯಲ್ಲೇ ಮಿಕ್ಸ್ ಮಾಡುತ್ತಾ ಅದನ್ನು ಆಡಿಯೋ ಆಗಿ ರೆಕಾರ್ಡ್ ಮಾಡಿ. ಜಮೈಕಾದ ಡಬ್ ಎಂಜಿನಿಯರುಗಳು ಮಿಕ್ಸಿಂಗ್ ಡೆಸ್ಕನ್ನೇ ವಾದ್ಯ ಮಾಡಿಕೊಂಡ ದಾರಿ ಇದು. ಆ 20 ನಿಮಿಷದಲ್ಲಿ ಒಳ್ಳೆಯ ಆರು ನಿಮಿಷ ಆರಿಸಿ ಕತ್ತರಿಸಿ. ಮಿಡಿಯಾಗಿಯೇ (ಸದ್ದಾಗಿ ಅಲ್ಲ, ತಿದ್ದಬಹುದಾದ ಸೂಚನೆಗಳಾಗಿ) ಉಳಿಸಿಕೊಂಡರೆ ಬದಲಾಯಿಸುತ್ತಲೇ ಇರುತ್ತೀರಿ. ಆಡಿಯೋ ಆದ ಮೇಲೆ ಆರಿಸುವುದಷ್ಟೇ ಉಳಿಯುತ್ತದೆ.

ಉದ್ದಕ್ಕೂ ಲೆಕ್ಕವಿದೆ. 125ರ ವೇಗದಲ್ಲಿ 16 ಬಾರ್ ಅಂದರೆ 30.72 ಸೆಕೆಂಡ್. ಡಿಜೆಗೆ ಹಿಂದಿನ ಟ್ರ್ಯಾಕಿಗೆ ಬೆಸೆಯಲು ಮೊದಲ 32 ಬಾರ್ ಬರೀ ಕಿಕ್ ಮತ್ತು ಹ್ಯಾಟ್ ಬಿಡಿ, ಕೊನೆಗೂ ಹಾಗೇ. ಒಟ್ಟು 192 ಬಾರ್ ಇಟ್ಟರೆ 6 ನಿಮಿಷ 9 ಸೆಕೆಂಡ್ ಬರುತ್ತದೆ. ಇಯರ್‌ಫೋನಿನ ಟ್ರ್ಯಾಕಿಗೆ ಇದ್ಯಾವುದೂ ಬೇಡ, ನೇರ ವಿಷಯಕ್ಕೆ ಬಂದು ಮೂರು ನಿಮಿಷಕ್ಕೆ ಮುಗಿಸಬಹುದು.

ಮಾಸ್ಟರಿಂಗಿಗೆ (ಬಿಡುಗಡೆಗೆ ಮುಂಚಿನ ಕೊನೆಯ ಹದಕ್ಕೆ) ಕಳಿಸುವ ಮೊದಲು, ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರನ್ನು ಕೇಳಿಕೊಂಡು ಅವರ ಗೋದಾಮಿನಲ್ಲಿ ಒಂದು ಟಾಪ್ (ಮೇಲಿನ ಸ್ವರಗಳ ಡಬ್ಬ), ಒಂದು ಬೇಸ್ ಹಾಕಿಸಿ ಕೇಳಿ. ನಿಮ್ಮ ಟ್ರ್ಯಾಕಿಗೆ ಮೊದಲು ಅದೇ ಬಗೆಯ, ನಿಮಗೆ ಗೊತ್ತಿರುವ ಒಂದು ಟ್ರ್ಯಾಕನ್ನು ಹಾಕಿ. ಹೋಲಿಕೆ ಇಲ್ಲದೆ ಹೊಸ ಸಿಸ್ಟಂನಲ್ಲಿ ಏನೂ ತೀರ್ಮಾನಿಸಲಾಗದು. ಮಾಸ್ಟರಿಂಗಿಗೆ ಕೊಡುವ ಫೈಲ್ 24 ಬಿಟ್ ವೇವ್, ಪ್ರಾಜೆಕ್ಟಿನ ಸ್ಯಾಂಪಲ್ ರೇಟಿನಲ್ಲೇ, ಅತಿ ಎತ್ತರ ಮೈನಸ್ 6 ಡೆಸಿಬೆಲ್ ಹತ್ತಿರ, ಮಾಸ್ಟರ್ ಚಾನೆಲ್ಲಿನ ಲಿಮಿಟರ್ ತೆಗೆದು. ಸ್ಪಾಟಿಫೈ ತನ್ನ ಮಾಮೂಲಿ ಸೆಟ್ಟಿಂಗಿನಲ್ಲಿ ಎಲ್ಲವನ್ನೂ ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಜೋರಿನ ಅಳತೆ) ತರುತ್ತದೆ. ಮೈನಸ್ 8ಕ್ಕೆ ಹಿಂಡಿದ್ದನ್ನು ಅದು 6 ಡೆಸಿಬೆಲ್ ಇಳಿಸುತ್ತದೆ, ಹಿಂಡಿದ ಹಾನಿ ಮಾತ್ರ ಉಳಿಯುತ್ತದೆ. ಸಿಸ್ಟಂಗೆ ಮಾಡಿದ ಎರಡು ಟ್ರ್ಯಾಕುಗಳನ್ನು ಜೋರಾಗಿ, ಇಯರ್‌ಫೋನಿನದನ್ನು ಮೆದುವಾಗಿ ಮಾಸ್ಟರ್ ಮಾಡಿಸಿ. ಟ್ರೂ ಪೀಕ್ (ಅಲೆಯ ನಿಜವಾದ ಶಿಖರ) ಮೈನಸ್ 1 ಡೆಸಿಬೆಲ್ ದಾಟದಿರಲಿ, ಎಂಪಿ3 ಮಾಡುವಾಗ ಶಿಖರಗಳು ಇನ್ನೂ ಸ್ವಲ್ಪ ಏರುತ್ತವೆ.

ಬಿಡುಗಡೆಗೆ, ಕಲಾವಿದರೇ ಸಂಗೀತ ಮಾರುವ ತಾಣ ಬ್ಯಾಂಡ್‌ಕ್ಯಾಂಪ್ ಮೊದಲು, ಸ್ಟ್ರೀಮಿಂಗ್ ಆಮೇಲೆ ಅನ್ನುವುದು ನಮ್ಮ ಅಭಿಪ್ರಾಯ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಶೇಕಡಾ 15 ಇಟ್ಟುಕೊಳ್ಳುತ್ತದೆ, ಪಾವತಿ ಶುಲ್ಕ ಬೇರೆ. ಕೊಂಡವರ ಇಮೇಲ್ ನಿಮಗೆ ಸಿಗುತ್ತದೆ, ಮುಂದಿನ ಇಪಿಗೆ ಅದೇ ಬಂಡವಾಳ. ಹಣ ಪೇಪಾಲ್ ಮೂಲಕ ಬರುವುದರಿಂದ ಪ್ಯಾನ್, ಬ್ಯಾಂಕ್ ಖಾತೆ, ಪರ್ಪಸ್ ಕೋಡ್ (ಹಣ ಯಾವುದಕ್ಕೆ ಬಂತು ಅನ್ನುವ ಸಂಕೇತ) ಮೊದಲೇ ಸರಿ ಮಾಡಿಡಿ. ಮುಖಪುಟದ ಚಿತ್ರ 3000ಕ್ಕೆ 3000 ಪಿಕ್ಸೆಲ್ ಇದ್ದರೆ ಎಲ್ಲ ಕಡೆಗೂ ಆಗುತ್ತದೆ. ಪ್ರತಿ ಟ್ರ್ಯಾಕಿಗೂ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ (ರೆಕಾರ್ಡಿಂಗಿನ ಗುರುತಿನ ಸಂಕೇತ) ಬೇಕು, ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ವಿತರಕರೇ ಕೊಡುತ್ತಾರೆ. ಹಾಗೆ ಪಡೆದದ್ದನ್ನೇ ಬ್ಯಾಂಡ್‌ಕ್ಯಾಂಪ್‌ನಲ್ಲೂ ಹಾಕಿ. ವಿತರಕರಿಗೆ ಕನಿಷ್ಠ ನಾಲ್ಕು ವಾರ ಮೊದಲು ಫೈಲ್ ಕೊಡಿ.

ಹೆಸರುಗಳನ್ನು ಕನ್ನಡದಲ್ಲೇ ಇಡಿ, ಆದರೆ ಯೂನಿಕೋಡಿನಲ್ಲಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ಅಂಗಡಿಯ ಪುಟದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ, ಒಮ್ಮೆ ಹರಡಿದ ಮೇಲೆ ಎಲ್ಲ ಕಡೆ ತಿದ್ದಿಸಲು ವಾರಗಟ್ಟಲೆ ಹಿಡಿಯುತ್ತದೆ. ಡಿಜೆಗಳಿಗೆ ಕಳಿಸುವ ಪ್ರತಿಗಳಲ್ಲಿ ಮಾತ್ರ ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಎಲ್ಲ ಪ್ಲೇಯರುಗಳೂ ಕನ್ನಡ ತೋರಿಸುವುದಿಲ್ಲ. ಆ ಪ್ರತಿಗಳನ್ನು 44.1 ಕಿಲೋಹರ್ಟ್ಸ್‌ನ ಎಐಎಫ್‌ಎಫ್ ಅಥವಾ 320ರ ಎಂಪಿ3 ಮಾಡಿ. ಹಳೇ ಸಿಡಿಜೆಗಳು (ಡಿಜೆಗಳು ಬಳಸುವ ಪ್ಲೇಯರುಗಳು) ಫ್ಲ್ಯಾಕನ್ನೂ 96 ಕಿಲೋಹರ್ಟ್ಸ್‌ನ ಫೈಲನ್ನೂ ಓದುವುದಿಲ್ಲ. ವೇವ್ ಫೈಲಿನಲ್ಲಿ ಕಲಾವಿದರ ಹೆಸರಿನಂಥ ವಿವರ ನೆಚ್ಚಿಕೊಳ್ಳುವ ಹಾಗೆ ಉಳಿಯುವುದಿಲ್ಲ, ಎಐಎಫ್‌ಎಫ್‌ನಲ್ಲಿ ಉಳಿಯುತ್ತದೆ.

ಬಿಡುಗಡೆಯಾದ ವಾರವೇ ಪ್ರತಿ ಟ್ರ್ಯಾಕನ್ನೂ ಐದು ಸ್ಟೆಮ್ (ಒಂದೊಂದು ಪದರಕ್ಕೆ ಒಂದೊಂದು ಫೈಲ್) ಆಗಿ ಆಡಿಯೋಗೆ ಇಳಿಸಿ: ಕಿಕ್, ಬೇಸ್, ಉರುಮೆ, ಭಟ್ಟಿ ಮತ್ತು ಮಗ್ಗ, ಡಿಲೇ. ಎಲ್ಲವೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ, ಫೈಲಿನ ಹೆಸರಿನಲ್ಲೇ ವೇಗ ಬರೆಯಿರಿ, ಎರಡು ಬೇರೆ ಡಿಸ್ಕಿನಲ್ಲಿ ಇಡಿ. ಪ್ಲಗಿನ್ನುಗಳ ಲೈಸೆನ್ಸ್ ಮುಗಿದು, ಕಂಪ್ಯೂಟರ್ ಬದಲಾಗಿ, ಹಳೇ ಪ್ರಾಜೆಕ್ಟ್ ತೆರೆಯದೇ ಹೋಗುವುದು ಮಾಮೂಲಿ. ಸ್ಟೆಮ್ ಇದ್ದರೆ ವೇದಿಕೆಯ ಮೇಲೆ ಅದೇ ಐದು ಫೇಡರಿನಲ್ಲಿ ನಾಲ್ಕೂ ಟ್ರ್ಯಾಕನ್ನು ನುಡಿಸಬಹುದು, ರೀಮಿಕ್ಸ್ ಕೇಳಿದವರಿಗೆ ಅವತ್ತೇ ಕಳಿಸಲೂಬಹುದು. ಉರುಮೆಯ ಸ್ಟೆಮ್ ಇನ್ನೊಬ್ಬರಿಗೆ ಕೊಡುವ ಮೊದಲು, ಬಾರಿಸಿದವರ ಜೊತೆ ಮಾಡಿಕೊಂಡ ಒಪ್ಪಂದದ ಪುಟದಲ್ಲಿ ರೀಮಿಕ್ಸಿಗೂ ಒಪ್ಪಿಗೆ ಇದೆಯೇ ಅಂತ ನೋಡಿಕೊಳ್ಳಿ.